ಕೀ ಕೊಟ್ಟ ಮೇಲೆ ಹೊಣೆ ಯಾರದು?

ಒಂದು ಶನಿವಾರ ಮಧ್ಯಾಹ್ನ ಅಮೆರಿಕದ ಜಾರ್ಜಿಯಾ ರಾಜ್ಯದ ನಾರ್‌ಕ್ರಾಸ್‌ನ ಜಿಮ್ಮಿ ಕಾರ್ಟರ್ ಬುಲೆವಾರ್ಡ್‌ನಲ್ಲಿರುವ ಗ್ಲೋಬಲ್ ಮಾಲ್ ಮುಂದೆ ಗಾಡಿ ನಿಲ್ಲಿಸಿ, ದಿನಸಿ ಚೀಲಗಳನ್ನು ಹಿಂದೆ ಜೋಡಿಸುತ್ತಿದ್ದೆ. "ರೀ, ಇಲ್ಲಿ ಸ್ವಲ್ಪ ಬಗ್ಗಿ ನೋಡಿ" ಅಂದಳು ನನ್ನ ಹೆಂಡತಿ. ಹಿಂಬಾಗಿಲಿನ ಕೆಳಗೆ, ಜಾಕ್ ಕೊಡುವ ಜಾಗದ ಪಕ್ಕದ ತಗಡು ಒಳಕ್ಕೆ ಮಡಚಿಕೊಂಡಿತ್ತು. ಅಂಗೈ ಅಗಲದಷ್ಟು ಬಣ್ಣ ಎದ್ದುಹೋಗಿ ಬರೀ ಲೋಹ ಹೊಳೆಯುತ್ತಿತ್ತು. ತುಕ್ಕಿನ ಚುಕ್ಕೆ ಒಂದೂ ಇರಲಿಲ್ಲ, ಅಂದರೆ ಪೆಟ್ಟು ಹೊಸದು. ಅರ್ಧ ಗಂಟೆ ಹಿಂದಷ್ಟೇ ಡೀಲರ್‌ಶಿಪ್ಪಿನ ಸರ್ವಿಸ್ ವಿಭಾಗದಿಂದ ಗಾಡಿ ಬಿಡಿಸಿಕೊಂಡು ಬಂದಿದ್ದೆವು. ಆಯಿಲ್ ಬದಲಾಯಿಸಿ ಟೈರ್‌ಗಳನ್ನು ಹಿಂದುಮುಂದು ಮಾಡಿದ್ದರು, ಅಷ್ಟೇ ಕೆಲಸ.

ಚೀಲಗಳನ್ನು ಹಾಗೇ ಇಟ್ಟುಕೊಂಡು ವಾಪಸ್ ಹೋದೆವು. ಸರ್ವಿಸ್ ಅಡ್ವೈಸರ್ ಹೊರಗೆ ಬಂದು, ಒಮ್ಮೆ ಕಣ್ಣು ಹಾಯಿಸಿ ಹೇಳಿದ ಮೊದಲ ಮಾತು: "ಗಾಡಿ ಬರುವಾಗಲೇ ಹಾಗಿತ್ತು."

ಈ ಒಂದು ಮಾತಿನ ಮುಂದೆ ನಮ್ಮವರು ಸೋತುಬಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆಯಿಲ್ ಬದಲಾಯಿಸಿದ ವಾರದಲ್ಲೇ ಕೆಳಗಿನ ಬೋಲ್ಟಿನ ಮರೆ ಹರಿದು ಆಯಿಲ್ ಸೋರಿದ್ದು, ಅಲಾಯ್ ವೀಲಿನ ಅಂಚು ತರಚಿದ್ದು, ಬ್ರೇಕ್ ದ್ರವ ಚೆಲ್ಲಿ ಬಾನೆಟ್ಟಿನ ಬಣ್ಣ ಉಬ್ಬಿದ್ದು, ಇಂಥವು ನಮ್ಮ ಕನ್ನಡ ಮನೆಗಳ ಊಟದ ಹೊತ್ತಿನ ಮಾತಿನಲ್ಲಿ ಬರುತ್ತಲೇ ಇರುತ್ತವೆ. ಬಹುತೇಕ ಕಥೆಗಳು ಮುಗಿಯುವುದು ಒಂದೇ ರೀತಿ: "ಹೋಗಲಿ ಬಿಡಿ, ಪ್ರೂವ್ ಮಾಡೋದು ಹೇಗೆ?" ಈ ಲೇಖನ ಆ ಪ್ರಶ್ನೆಗಾಗಿಯೇ. ಏಕೆಂದರೆ ಜಾರ್ಜಿಯಾದ ಕಾನೂನಿನಲ್ಲಿ ರುಜುವಾತಿನ ಭಾರ ನಾವು ಅಂದುಕೊಂಡಷ್ಟು ನಮ್ಮ ತಲೆಯ ಮೇಲಿಲ್ಲ.

ನಿಮ್ಮ ವಸ್ತುವನ್ನು ಒಂದು ಕೆಲಸಕ್ಕಾಗಿ ಇನ್ನೊಬ್ಬರ ವಶಕ್ಕೆ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸ್ ಪಡೆಯುವ ಒಪ್ಪಂದಕ್ಕೆ ಕಾನೂನಿನಲ್ಲಿ ಬೇಲ್‌ಮೆಂಟ್ ಎನ್ನುತ್ತಾರೆ. ಕೌಂಟರಿನಲ್ಲಿ ಕೀ ಕೊಟ್ಟ ಕ್ಷಣದಲ್ಲಿ ಅದು ಹುಟ್ಟುತ್ತದೆ. ಜಾರ್ಜಿಯಾ ಸಂಹಿತೆಯ 44-12-44ನೇ ಕಲಂ ಹೇಳುವುದು ಇಷ್ಟು: ಹೀಗೆ ಕೊಟ್ಟ ವಸ್ತುವಿಗೆ ನಷ್ಟವಾಗಿದೆ ಎಂದು ಕೊಟ್ಟವರು ತೋರಿಸಿದರೆ, ತಾವು ತಕ್ಕ ಎಚ್ಚರ ವಹಿಸಿದ್ದೆವು ಎಂದು ತೋರಿಸುವ ಹೊಣೆ ಇಟ್ಟುಕೊಂಡವರದು. ಯಾವ ಕೆಲಸಗಾರ ಯಾವ ಜಾಕನ್ನು ಎಲ್ಲಿ ಕೊಟ್ಟ ಎಂದು ನೀವು ಪತ್ತೆ ಮಾಡಬೇಕಿಲ್ಲ. ಬಾಗಿಲು ಮುಚ್ಚಿದ ವರ್ಕ್‌ಶಾಪಿನ ಒಳಗೆ ಏನಾಯಿತೆಂದು ಹೊರಗೆ ಕಾಫಿ ಕುಡಿಯುತ್ತ ಕೂತವರಿಗೆ ತಿಳಿಯುವುದಾದರೂ ಹೇಗೆ? ನೀವು ತೋರಿಸಬೇಕಾದದ್ದು ಎರಡೇ: ಕೊಟ್ಟಾಗ ಗಾಡಿ ಸರಿಯಿತ್ತು, ಪಡೆದಾಗ ಸರಿಯಿರಲಿಲ್ಲ. "ಬರುವಾಗಲೇ ಹಾಗಿತ್ತು" ಎಂಬ ಮಾತು ಹೊಡೆಯುವುದು ಇವೆರಡರಲ್ಲಿ ಮೊದಲನೆಯದನ್ನು. ಇಡೀ ಜಗಳ ನಿಂತಿರುವುದೇ ಅಲ್ಲಿ.

ನಮ್ಮ ನೆಲದವರಿಗೆ ಈ ನ್ಯಾಯ ಹೊಸದೇನಲ್ಲ. ಭಾರತದ 1872ರ ಕರಾರು ಅಧಿನಿಯಮದ 148ನೇ ಕಲಮಿನಿಂದ ಮುಂದೆ ಇದೇ ಬೇಲ್‌ಮೆಂಟಿನ ಮಾತಿದೆ. ಬೇರೆಯವರ ವಸ್ತುವನ್ನು ವಿವೇಕಿಯಾದವನು ತನ್ನದೇ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ನೋಡಿಕೊಳ್ಳಬೇಕು ಎನ್ನುವುದು ಅದರ 151ನೇ ಕಲಂ. ಇನ್ನೂ ಹಿಂದೆ ಹೋದರೆ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ 'ಮಿತಾಕ್ಷರಾ' ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನವಾಗಿ. ಇನ್ನೊಬ್ಬರಲ್ಲಿ ಒಪ್ಪಿಸಿಟ್ಟ ವಸ್ತುಗಳ ಬಗ್ಗೆ ಆ ಸ್ಮೃತಿಯಲ್ಲಿ ಒಂದು ಪ್ರಕರಣವೇ ಇದೆ. ಒಗೆಯಲು ಕೊಟ್ಟ ಬಟ್ಟೆಯನ್ನು ಒಗೆಯುವವನು ತಾನೇ ಉಟ್ಟುಕೊಂಡರೆ ಮೂರು ಪಣ ದಂಡ, ಬಾಡಿಗೆಗೆ ಕೊಟ್ಟರೆ ಹತ್ತು ಪಣ ಎಂದೂ ಅದರಲ್ಲಿದೆ. ಸರ್ವಿಸಿಗೆ ಬಿಟ್ಟ ಗಾಡಿಯನ್ನು ಯಾರೋ ಊರು ಸುತ್ತಿಸಿದ್ದಾರೆ ಎಂದು ಓಡೋಮೀಟರ್ ನೋಡಿ ಸಂಕಟಪಡುವವರಿಗೆ ಆ ದಂಡದ ಅರ್ಥ ತಕ್ಷಣ ಹೊಳೆಯುತ್ತದೆ.

ಈಗ ಬೆಳಗಿನ ಎರಡು ನಿಮಿಷದ ಕೆಲಸಕ್ಕೆ ಬರುತ್ತೇನೆ. ಸರ್ವಿಸ್ ಲೇನಿಗೆ ಹೋಗುವ ಮೊದಲು, ಬೆಳಕಿರುವ ಕಡೆ ನಿಲ್ಲಿಸಿ, ಗಾಡಿಯ ಸುತ್ತ ಒಂದು ಸುತ್ತು ನಡೆದು ವಿಡಿಯೋ ಮಾಡಿಕೊಳ್ಳಿ. ನಾಲ್ಕು ವೀಲ್, ಮುಂದಿನ ಬಂಪರಿನ ಕೆಳ ಅಂಚು, ಬಾಗಿಲುಗಳ ಕೆಳಗಿನ ಪಟ್ಟಿ, ಗಾಜು, ಓಡೋಮೀಟರ್, ಉರಿಯುತ್ತಿರುವ ಎಚ್ಚರಿಕೆ ದೀಪಗಳಿದ್ದರೆ ಅವೂ ಅದರಲ್ಲಿ ಬರಲಿ. ಹಳೆಯ ಗೀರು ಇದ್ದರೆ ಅದನ್ನೂ ತೋರಿಸಿ. ಪ್ರಾಮಾಣಿಕವಾದ ವಿಡಿಯೋಗೆ ತೂಕ ಹೆಚ್ಚು. ನನ್ನಲ್ಲಿದ್ದದ್ದು ಏಳು ಚಿತ್ರಗಳು. ಅವುಗಳಲ್ಲಿ ಒಂದು, ಹಿಂದಿನ ವೀಲಿನದು, ಮಡಚಿಹೋದ ಆ ತಗಡು ನೆಟ್ಟಗಿದ್ದದ್ದನ್ನು ಅಂಚಿನಲ್ಲಿ ಹಿಡಿದಿಟ್ಟಿತ್ತು. ಚಿತ್ರದ ಸಮಯ ಬೆಳಿಗ್ಗೆ 8:41. ರಿಪೇರಿ ಆರ್ಡರ್ ತೆರೆದ ಸಮಯ 8:52. ಅಡ್ವೈಸರ್ ಆ ಚಿತ್ರವನ್ನು ಹಿಗ್ಗಿಸಿ ನೋಡಿದ ಮೇಲೆ ದನಿ ಬದಲಾಯಿತು. "ಮ್ಯಾನೇಜರ್ ಹತ್ತಿರ ಮಾತಾಡ್ತೀನಿ" ಅಂದರು.

ರಿಪೇರಿ ಆರ್ಡರ್ ಎಂಬ ಆ ಕಾಗದವನ್ನು ಓದದೆ ಸಹಿ ಮಾಡಬೇಡಿ. ಗಾಡಿಯ ಚಿತ್ರ ಬರೆದು ಹಳೆಯ ಪೆಟ್ಟುಗಳನ್ನು ಗುರುತಿಸುವ ಜಾಗ ಎಷ್ಟೋ ಕಡೆ ಅದರಲ್ಲಿರುತ್ತದೆ. ಅದು ಖಾಲಿ ಇದ್ದರೆ ಅದೇ ನಿಮ್ಮ ಪರವಾದ ಸಾಕ್ಷ್ಯ. ಬೆಂಕಿ, ಕಳವು, "ನಮ್ಮ ಕೈಮೀರಿದ ಕಾರಣ"ಗಳಿಂದಾದ ಹಾನಿಗೆ ನಾವು ಹೊಣೆಯಲ್ಲ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದನ್ನು ತೋರಿಸಿ ಬಾಯಿ ಮುಚ್ಚಿಸಲು ಬಂದರೆ ಹೆದರಬೇಕಿಲ್ಲ. ತಮ್ಮದೇ ಕೆಲಸಗಾರ ಜಾಕ್ ತಪ್ಪಿ ಕೊಟ್ಟದ್ದು ಕೈಮೀರಿದ ಕಾರಣವಾಗುವುದಿಲ್ಲ. ಸ್ವಂತ ಅಲಕ್ಷ್ಯದ ಹೊಣೆಯಿಂದ ತಪ್ಪಿಸಿಕೊಳ್ಳುವ ಷರತ್ತು ಎದ್ದು ಕಾಣುವಂತೆ, ಸ್ಪಷ್ಟವಾಗಿ, ಎರಡರ್ಥಕ್ಕೆ ಎಡೆಯಿಲ್ಲದಂತೆ ಇರಬೇಕು ಎನ್ನುವುದು ಜಾರ್ಜಿಯಾ ನ್ಯಾಯಾಲಯಗಳ ನಿಲುವು. ಆದರೆ ಪಂಚಾಯ್ತಿ ಷರತ್ತು, ಅಂದರೆ ಆರ್ಬಿಟ್ರೇಷನ್, ಇದೆಯೇ ಎಂದು ಮಾತ್ರ ಗಮನಿಸಿ. ಅದಿದ್ದರೆ ಮುಂದಿನ ದಾರಿ ಬದಲಾಗಬಹುದು.

ಹಾನಿ ಕಂಡದ್ದು ಅವರ ಅಂಗಳದಲ್ಲೇ ಆದರೆ ಅಲ್ಲಿಂದ ಕದಲುವ ಮೊದಲೇ ಬರಹದಲ್ಲಿ ದಾಖಲಿಸಿ. ದುಡ್ಡು ಕೊಡದೆ ಜಗಳಕ್ಕೆ ನಿಂತರೆ ಗಾಡಿಯನ್ನು ತಡೆಹಿಡಿಯುವ ಹಕ್ಕು, ಮೆಕ್ಯಾನಿಕ್ಸ್ ಲೀನ್, ಅವರಿಗಿದೆ. ಆದ್ದರಿಂದ ಕ್ರೆಡಿಟ್ ಕಾರ್ಡಿನಲ್ಲಿ ಬಿಲ್ ಕಟ್ಟಿ, "ಹಾನಿಯ ಬಗ್ಗೆ ಆಕ್ಷೇಪವಿಟ್ಟು ಪಾವತಿಸಿದ್ದೇನೆ" ಎಂದು ಅವರ ಪ್ರತಿಯ ಮೇಲೂ ನಿಮ್ಮ ಪ್ರತಿಯ ಮೇಲೂ ಇಂಗ್ಲಿಷಿನಲ್ಲಿ ಬರೆದು ಗಾಡಿ ತನ್ನಿ. ಮನೆಗೆ ಬಂದ ಮೇಲೆ ಕಂಡರೆ ಅದೇ ದಿನ ಇಮೇಲ್ ಮಾಡಿ. ಫೋನಿನಲ್ಲಿ ಎಷ್ಟು ಮಾತಾಡಿದರೂ ಕೊನೆಗೆ ಉಳಿಯುವುದು ಬರಹವೇ. ಫೋನ್ ಕರೆಯನ್ನು ರೆಕಾರ್ಡ್ ಮಾಡಲು ಜಾರ್ಜಿಯಾದಲ್ಲಿ, ಎರಡೂ ಕ್ಯಾರೊಲೈನಾಗಳಲ್ಲಿ, ವರ್ಜೀನಿಯಾದಲ್ಲಿ ಮಾತಾಡುವವರಲ್ಲಿ ಒಬ್ಬರ ಒಪ್ಪಿಗೆ ಸಾಕು. ಮೇರಿಲ್ಯಾಂಡಿನಲ್ಲಿ ಹಾಗಲ್ಲ, ಎಲ್ಲರ ಒಪ್ಪಿಗೆಯೂ ಬೇಕು. ವಾಷಿಂಗ್ಟನ್ ಸುತ್ತಮುತ್ತ ಇರುವವರು ಇದನ್ನು ಮರೆಯಬಾರದು.

ಮಾತು ಏರಬೇಕಾದ ಮೆಟ್ಟಿಲು ಸರ್ವಿಸ್ ಅಡ್ವೈಸರ್, ಸರ್ವಿಸ್ ಮ್ಯಾನೇಜರ್, ಜನರಲ್ ಮ್ಯಾನೇಜರ್. ಗಿರಾಕಿಗಳ ಗಾಡಿಗಳಿಗಾಗುವ ಹಾನಿಗೆಂದೇ ಡೀಲರ್‌ಶಿಪ್ಪುಗಳು ಗ್ಯಾರೇಜ್‌ಕೀಪರ್ಸ್ ಎಂಬ ವಿಮೆ ಇಟ್ಟಿರುತ್ತವೆ. ಆ ವಿಮಾ ಕಂಪನಿಯ ಹೆಸರು ಕೇಳಿ. ನಿಮ್ಮ ಸ್ವಂತ ಕೊಲಿಷನ್ ವಿಮೆಯಿಂದ ಮೊದಲು ರಿಪೇರಿ ಮಾಡಿಸಿಕೊಂಡು, ನಿಮ್ಮ ಕಂಪನಿಯೇ ಅವರ ಬೆನ್ನು ಹತ್ತಲಿ ಎಂದು ಬಿಡುವ ದಾರಿಯೂ ಇದೆ. ಡಿಡಕ್ಟಿಬಲ್ ಮೊದಲು ನೀವು ಹಾಕಬೇಕಾಗುತ್ತದೆ, ಮತ್ತು ಆ ಕ್ಲೇಮ್ ನಿಮ್ಮ ಹೆಸರಿನಲ್ಲಿ ದಾಖಲಾಗುತ್ತದೆ. ಸಣ್ಣ ಪೆಟ್ಟಿಗೆ ನಾನು ಈ ದಾರಿ ಹಿಡಿಯುವುದಿಲ್ಲ; ಎಂಜಿನ್ನೇ ಹೋಗಿದ್ದರೆ ಖಂಡಿತ ಯೋಚಿಸುತ್ತೇನೆ.

ಎಷ್ಟು ಕೇಳಬಹುದು? ರಿಪೇರಿಯ ಖರ್ಚು, ರಿಪೇರಿಯ ದಿನಗಳ ಬಾಡಿಗೆ ಕಾರು, ಇವು ಎಲ್ಲರಿಗೂ ತಿಳಿದದ್ದೇ. ನಮ್ಮವರು ಕೇಳದೆ ಬಿಟ್ಟುಬಿಡುವ ಮೂರನೆಯದೊಂದಿದೆ: ಎಷ್ಟೇ ಚೆನ್ನಾಗಿ ರಿಪೇರಿ ಮಾಡಿದರೂ ಮಾರುವಾಗ ಬೆಲೆ ಇಳಿಯುವ ನಷ್ಟ. ಇದರಲ್ಲಿ ಜಾರ್ಜಿಯಾ ಅಮೆರಿಕದಲ್ಲೇ ಹೆಸರಾದ ರಾಜ್ಯ. ಸ್ಟೇಟ್ ಫಾರ್ಮ್ ವಿರುದ್ಧದ ಮೇಬ್ರಿ ಪ್ರಕರಣದಲ್ಲಿ 2001ರಲ್ಲಿ ಜಾರ್ಜಿಯಾ ಸುಪ್ರೀಂ ಕೋರ್ಟ್, ವಿಮಾದಾರರು ಕೇಳದಿದ್ದರೂ ಈ ಬೆಲೆಕುಸಿತವನ್ನು ಅಂದಾಜು ಮಾಡಿ ಕೊಡುವುದು ಅವರ ಸ್ವಂತ ವಿಮಾ ಕಂಪನಿಯ ಕರ್ತವ್ಯ ಎಂದಿತು. ಹಾನಿ ಮಾಡಿದವರಿಂದಲೂ ಬೆಲೆಕುಸಿತವನ್ನು ಕೇಳಬಹುದು. ಹೊಸ ಗಾಡಿಗೆ ಇದು ದೊಡ್ಡ ಮೊತ್ತವಾಗುತ್ತದೆ. ಹತ್ತು ವರ್ಷ ಓಡಿದ ಗಾಡಿಗೆ ಹೆಚ್ಚೇನೂ ಬರುವುದಿಲ್ಲ. ಮೊತ್ತ ತೋರಿಸಲು, ಡೀಲರ್‌ಶಿಪ್ಪಿನದಲ್ಲದ ಎರಡು ಬಾಡಿ ಶಾಪ್‌ಗಳಿಂದ ಲಿಖಿತ ಎಸ್ಟಿಮೇಟ್ ತೆಗೆದುಕೊಳ್ಳಿ.

"ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಹೋಗುತ್ತದೆ" ಎಂಬ ಬೆದರಿಕೆ ಈ ಹಂತದಲ್ಲಿ ಬರಬಹುದು. 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆಯ ಪ್ರಕಾರ, ಬೇರೆ ಕಡೆ ಕೆಲಸ ಮಾಡಿಸಿದ್ದೀರಿ ಎಂಬುದೊಂದೇ ಕಾರಣಕ್ಕೆ ವಾರಂಟಿ ನಿರಾಕರಿಸುವಂತಿಲ್ಲ.

ಮಾತು ಮುಂದೆ ಸಾಗದಿದ್ದರೆ ಪತ್ರ ಬರೆಯಿರಿ. ಯಾರಿಗೆ ಎಂಬುದು ಮುಖ್ಯ. ಬೋರ್ಡಿನ ಮೇಲಿನ ಹೆಸರು ವ್ಯಾಪಾರದ ಹೆಸರು. ಅದರ ಹಿಂದಿನ ಕಂಪನಿಯ ಹೆಸರು ಬೇರೆಯೇ ಇರಬಹುದು. ಜಾರ್ಜಿಯಾ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ಕಂಪನಿ ದಾಖಲೆಗಳಲ್ಲಿ ನೋಂದಾಯಿತ ಹೆಸರನ್ನೂ, ಕಂಪನಿಯ ಪರವಾಗಿ ಕೋರ್ಟಿನ ಕಾಗದ ಪಡೆಯುವ ರಿಜಿಸ್ಟರ್ಡ್ ಏಜೆಂಟನ್ನೂ ಉಚಿತವಾಗಿ ನೋಡಬಹುದು. ತಪ್ಪು ಹೆಸರಿನ ಮೇಲೆ ದಾವೆ ಹೂಡಿ ತಿಂಗಳುಗಟ್ಟಲೆ ಕಳೆದುಕೊಂಡವರಿದ್ದಾರೆ. ರಿಪೇರಿ ಆರ್ಡರ್ ಸಂಖ್ಯೆ, ದಿನಾಂಕ, ಹಾನಿಯ ವಿವರ, ಕೇಳುವ ಮೊತ್ತ, ಉತ್ತರಕ್ಕೆ ಗಡುವು, ಇಷ್ಟು ಒಂದು ಪುಟದಲ್ಲಿ ಬರೆದು ಸರ್ಟಿಫೈಡ್ ಅಂಚೆಯಲ್ಲಿ ಕಳಿಸಿ, ತಲುಪಿದ ರಸೀದಿ ಇಟ್ಟುಕೊಳ್ಳಿ. ಗಡುವು ಮೂವತ್ತು ದಿನ ಇರಲಿ ಎನ್ನಲು ಕಾರಣವಿದೆ. ಮಾಡದ ಕೆಲಸಕ್ಕೆ ಬಿಲ್ ಹಾಕಿದ್ದು, ಹಾಕದ ಬಿಡಿಭಾಗ ಹಾಕಿದ್ದೇವೆಂದು ಹೇಳಿದ್ದು, ಇಂಥ ಮೋಸ ಇದ್ದರೆ ಜಾರ್ಜಿಯಾದ 1975ರ ಫೇರ್ ಬಿಸಿನೆಸ್ ಪ್ರಾಕ್ಟೀಸಸ್ ಕಾಯ್ದೆಯಡಿ ದಾವೆ ಹೂಡಬಹುದು. ಅದಕ್ಕೆ ಮೂವತ್ತು ದಿನ ಮುಂಚಿತವಾಗಿ ಲಿಖಿತ ಬೇಡಿಕೆ ಕಳಿಸಿರಬೇಕು. ಉದ್ದೇಶಪೂರ್ವಕ ಮೋಸ ಸಾಬೀತಾದರೆ ನಷ್ಟದ ಮೂರು ಪಟ್ಟು ಸಿಗುವ ಅವಕಾಶ ಆ ಕಾಯ್ದೆಯಲ್ಲಿದೆ. ಬರೀ ಅಲಕ್ಷ್ಯದಿಂದಾದ ಪೆಟ್ಟಿಗೆ ಅದು ಒಗ್ಗುವುದಿಲ್ಲ. ಅಟಾರ್ನಿ ಜನರಲ್ ಅಧೀನದ ಗ್ರಾಹಕ ರಕ್ಷಣಾ ವಿಭಾಗಕ್ಕೂ ದೂರು ಕೊಡಿ; ಅವರು ನಿಮ್ಮ ವಕೀಲರಾಗಿ ನಿಲ್ಲುವುದಿಲ್ಲ, ಆದರೂ ದೂರು ದಾಖಲೆಯಲ್ಲಿ ಇರುವುದು ಒಳ್ಳೆಯದು.

ಕೊನೆಯ ಮೆಟ್ಟಿಲು ಮ್ಯಾಜಿಸ್ಟ್ರೇಟ್ ಕೋರ್ಟ್. ಹೆಸರು ಕೇಳಿ ನಮ್ಮ ಊರಿನ ಕ್ರಿಮಿನಲ್ ಕೋರ್ಟ್ ನೆನಪಾಗಿ ಹಿಂಜರಿಯುವವರಿದ್ದಾರೆ. ಇದು 15,000 ಡಾಲರ್‌ವರೆಗಿನ ಹಣದ ವ್ಯಾಜ್ಯಗಳನ್ನು ಜೂರಿ ಇಲ್ಲದೆ, ವಕೀಲರಿಲ್ಲದೆಯೂ ಕೇಳುವ ಸಿವಿಲ್ ಕಟ್ಟೆ. ವಾದಿ ಅಮೆರಿಕದ ಪ್ರಜೆಯೇ ಆಗಿರಬೇಕೆಂಬ ನಿಯಮವಿಲ್ಲ. ಎಚ್-1ಬಿಯಲ್ಲಿರುವವರು "ಕೇಸ್ ಅಂತ ಆದರೆ ಗ್ರೀನ್ ಕಾರ್ಡಿಗೆ ತೊಂದರೆಯಾಗುತ್ತಾ?" ಎಂದು ಕೇಳುತ್ತಾರೆ. ನಿಮ್ಮ ಹಾನಿಗೆ ಪರಿಹಾರ ಕೇಳಿ ವಾದಿಯಾಗಿ ನಿಲ್ಲುವುದು ಅಪರಾಧದ ದಾಖಲೆಯಲ್ಲ. ನಾರ್‌ಕ್ರಾಸ್ ಗ್ವಿನೆಟ್ ಕೌಂಟಿಯಲ್ಲಿದೆ; ಅದರ ಮ್ಯಾಜಿಸ್ಟ್ರೇಟ್ ಕೋರ್ಟ್ ಇರುವುದು ಲಾರೆನ್ಸ್‌ವಿಲ್‌ನ ಲ್ಯಾಂಗ್ಲಿ ಡ್ರೈವ್‌ನಲ್ಲಿ. ಬ್ಯೂಫರ್ಡ್ ಹೈವೇಯಲ್ಲಿ ಸ್ವಲ್ಪ ದಕ್ಷಿಣಕ್ಕೆ ಹೋಗಿ ಡೋರಾವಿಲ್ ಮುಟ್ಟಿದರೆ ಡಿಕಾಲ್ಬ್ ಕೌಂಟಿ, ಕೋರ್ಟ್ ಡಿಕೇಟರ್‌ನಲ್ಲಿ. ಅಂಗಡಿ ಗಡಿಯ ಯಾವ ಕಡೆ ಇದೆ ಎಂದು ಮೊದಲೇ ನೋಡಿಕೊಳ್ಳಿ.

ದಾವೆಯ ಪ್ರತಿ ತಲುಪಿದ ಮೇಲೆ ಪ್ರತಿವಾದಿಗೆ ಉತ್ತರಿಸಲು ಮೂವತ್ತು ದಿನ. ವಿಚಾರಣೆಗೆ ಚಿತ್ರಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಮೂರು ಪ್ರತಿ ಒಯ್ಯಿರಿ. ಫೋನ್ ಪರದೆ ತೋರಿಸುತ್ತ ನಿಂತರೆ ಅರ್ಧ ವಿಷಯ ಕಳೆದುಹೋಗುತ್ತದೆ. ಎಸ್ಟಿಮೇಟ್ ಬರೆದವರೇ ಬಂದು ಹೇಳಿದರೆ ಬರೀ ಕಾಗದಕ್ಕಿಂತ ಬಲ ಹೆಚ್ಚು. ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಮೂವತ್ತು ದಿನವಿದೆ. ಚರವಸ್ತುವಿಗಾದ ಹಾನಿಗೆ ದಾವೆ ಹೂಡಲು ಜಾರ್ಜಿಯಾದಲ್ಲಿ ನಾಲ್ಕು ವರ್ಷ ಕಾಲಮಿತಿ ಇದ್ದರೂ, ಸರ್ವಿಸ್ ಲೇನಿನ ಕ್ಯಾಮೆರಾದ ದೃಶ್ಯಗಳು ಅಷ್ಟು ದಿನ ಉಳಿಯುವುದಿಲ್ಲ. ಅವನ್ನು ಅಳಿಸದೆ ಕಾಪಾಡಿ ಎಂದು ಮೊದಲ ದಿನದ ಇಮೇಲಿನಲ್ಲೇ ಬರೆಯಿರಿ. ಬೇರೆ ಕಡೆ ಇರುವ ನಮ್ಮವರಿಗೆ: ಇಂಥ ಸಣ್ಣ ದಾವೆಗಳ ಮಿತಿ ದಕ್ಷಿಣ ಕ್ಯಾರೊಲೈನಾದಲ್ಲಿ 7,500 ಡಾಲರ್, ವಾಷಿಂಗ್ಟನ್ ಡಿಸಿಯಲ್ಲಿ 10,000, ಮೇರಿಲ್ಯಾಂಡ್ ಮತ್ತು ವರ್ಜೀನಿಯಾದಲ್ಲಿ 5,000. ಉತ್ತರ ಕ್ಯಾರೊಲೈನಾದಲ್ಲಿ ಕೌಂಟಿಯನ್ನು ಅನುಸರಿಸಿ ಬದಲಾಗುತ್ತದೆ, ಹೆಚ್ಚೆಂದರೆ 10,000.

ನಮ್ಮ ಗಾಡಿಯ ವಿಷಯ ಕೋರ್ಟಿನವರೆಗೆ ಹೋಗಲಿಲ್ಲ. ಪತ್ರ ತಲುಪಿದ ಮೂರನೆಯ ವಾರ ಜನರಲ್ ಮ್ಯಾನೇಜರ್ ಫೋನ್ ಮಾಡಿ, ನಾವು ಆರಿಸಿದ ಬಾಡಿ ಶಾಪಿನಲ್ಲೇ ರಿಪೇರಿಗೆ ಒಪ್ಪಿದರು. ಬಾಡಿಗೆ ಕಾರಿನ ದುಡ್ಡಿಗೆ ಮಾತ್ರ ಇನ್ನೆರಡು ಇಮೇಲ್ ಬೇಕಾಯಿತು. ಕೊನೆಗೆ ಒಂದು ಚೆಕ್ಕು, ಜೊತೆಗೆ ಒಂದು ಕಾಗದ ಬಂತು: ಇದರೊಂದಿಗೆ ಎಲ್ಲ ಹಕ್ಕುಬಾಧ್ಯತೆ ತೀರಿತು ಎಂದು ಸಹಿ ಮಾಡಬೇಕಂತೆ. ತಕರಾರಿರುವ ಮೊತ್ತಕ್ಕೆ "ಪೂರ್ಣ ಪಾವತಿ" ಎಂದು ಬರೆದ ಚೆಕ್ಕನ್ನು ಬ್ಯಾಂಕಿಗೆ ಹಾಕಿಬಿಟ್ಟರೆ ಉಳಿದದ್ದನ್ನು ಕೇಳುವ ಬಾಗಿಲು ಮುಚ್ಚಬಹುದು. ಅದಕ್ಕೇ ಚೆಕ್ಕು, ಕಾಗದ ಎರಡನ್ನೂ ಮೇಜಿನ ಮೇಲೇ ಬಿಟ್ಟು ಮೊದಲು ಗಾಡಿ ತರಲು ಹೋದೆವು. ಬಾಡಿ ಶಾಪಿನ ಅಂಗಳದಲ್ಲಿ ಮಂಡಿಯೂರಿ, ಟಾರ್ಚ್ ಹಾಕಿ, ಬೆಸುಗೆಯ ಅಂಚನ್ನೂ ಬಣ್ಣದ ಹೊಂದಿಕೆಯನ್ನೂ ಹೆಂಡತಿ ಬೆರಳಾಡಿಸಿ ನೋಡಿದಳು. "ಸರಿಯಾಗಿದೆ" ಅಂದಳು. ಸಹಿ ಹಾಕಿದ್ದು ಆ ಸಂಜೆ.