ಆಮ್, ಈಸ್, ವಾಸ್: ‘ಬಿ’ ಎಲ್ಲಿ ಹೋಯಿತು?

ಪ್ರಶ್ನೆ: ಐದನೇ ತರಗತಿಯ ಮಗಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಆಮ್, ಈಸ್, ವಾಸ್ ಎಲ್ಲ ‘ಬಿ’ ಕ್ರಿಯಾಪದದ ರೂಪಗಳು ಅಂತ ಪುಸ್ತಕದಲ್ಲಿದೆ. “ಇವುಗಳಲ್ಲಿ ‘ಬಿ’ ಎಲ್ಲಮ್ಮಾ?” ಅಂತ ಕೇಳಿದಳು. ಏನು ಹೇಳಲಿ?

ಉತ್ತರ: ಮಗಳ ಅನುಮಾನ ಸರಿಯಾಗಿದೆ. ಇವು ಒಂದೇ ಬೇರಿನಿಂದ ಹುಟ್ಟಿದ ರೂಪಗಳಲ್ಲ. ಮೂರು ಬೇರೆ ಬೇರೆ ಧಾತುಗಳು ಜೊತೆಜೊತೆಗೆ ಬಳಕೆಯಾಗುತ್ತ ಒಂದೇ ಕ್ರಿಯಾಪದವಾಗಿ ಬೆಸೆದುಕೊಂಡಿವೆ. ಆ ಮೂರರ ನಂಟರೂ ನಾವು ಆಡುವ ಕನ್ನಡದಲ್ಲಿ, ಸಂಸ್ಕೃತದಿಂದ ಬಂದ ಮಾತುಗಳೊಳಗೆ, ಕೂತಿದ್ದಾರೆ.

‘ನಾನು ಇದ್ದೇನೆ’ ಅನ್ನಲು ಸಂಸ್ಕೃತದಲ್ಲಿ ‘ಅಸ್ಮಿ’, ‘ಅವನು ಇದ್ದಾನೆ’ ಅನ್ನಲು ‘ಅಸ್ತಿ’. ‘ಕನ್ನಡದ ಅಸ್ಮಿತೆ’ ಅನ್ನುತ್ತೇವಲ್ಲ, ಅದರೊಳಗಿನ ‘ಅಸ್ಮಿ’ ಇಂಗ್ಲಿಷಿನ ‘ಆಮ್’ನ ಒಡಹುಟ್ಟು. ಎರಡರಲ್ಲೂ ಇರುವ ಆ ಮಕಾರವೇ ‘ನಾನು’ ಎಂಬುದರ ಗುರುತು. ಆಸ್ತಿಕ, ನಾಸ್ತಿಕಗಳಲ್ಲಿರುವ ‘ಅಸ್ತಿ’ಗೆ ‘ಈಸ್’ ನಂಟು.

‘ಬಿ’ ಬೇರೆ ಮನೆಯದು. ಅದರ ಕಡೆಯವನು ‘ಭೂ’ ಧಾತು, ಅರ್ಥ ‘ಆಗು’. ಭವಿಷ್ಯ, ಸಂಭವ, ಅನುಭವ ಎಲ್ಲ ಅದರ ಮಕ್ಕಳು. ಸಂಸ್ಕೃತದ ಭಕಾರ ಇಂಗ್ಲಿಷಿನಲ್ಲಿ ಬಕಾರವಾಗಿ ಕಾಣುತ್ತದೆ. ಭ್ರಾತೃ ಮತ್ತು ಬ್ರದರ್ ನೋಡಿ.

ನನಗೆ ತುಂಬ ಪ್ರೀತಿಯದು ಮೂರನೆಯದು. ‘ವಾಸ್’ ಎಂದರೆ ನಮ್ಮ ವಾಸ, ವಸತಿ, ನಿವಾಸಗಳ ಬಳಗ. ಮೂಲದ ಅರ್ಥ ತಂಗು, ನೆಲೆಸು. ನೆಲೆಸುವುದು ಬರೀ ‘ಇರುವುದು’ ಆದದ್ದು ಹೇಗೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ‘ಅವರು ಧಾರವಾಡದಲ್ಲಿ ಇದ್ದರು’ ಎಂದರೆ ವಾಸವೂ ಹೌದು, ಇರವೂ ಹೌದು.

ಒಂದು ಎಚ್ಚರಿಕೆ: ಇವು ಸಂಸ್ಕೃತದಿಂದ ಇಂಗ್ಲಿಷಿಗೆ ಹೋದವಲ್ಲ. ಎರಡು ಭಾಷೆಗಳಿಗೂ ಒಂದೇ ಪೂರ್ವಜ. ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್ 1786ರಲ್ಲಿ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಧಾತುಗಳು ಇಷ್ಟು ಹೋಲುವುದು ಆಕಸ್ಮಿಕವಾಗಿರಲಾರದು ಎಂದದ್ದು ಈ ನಂಟನ್ನು ಕುರಿತೇ. ಬೆಸುಗೆ ಇಂಗ್ಲಿಷಿಗೆ ಮಾತ್ರ ಸೇರಿದ್ದೂ ಅಲ್ಲ. ಸಂಸ್ಕೃತದಲ್ಲಿ ‘ಅಸ್ತಿ’ಯ ಮುಂಗಾಲದ ರೂಪ ಕೇಳಿದರೆ ‘ಭವಿಷ್ಯತಿ’ ಬರುತ್ತದೆ. ಕೆಲವು ಕಡೆ ‘ಅಸ್’ ಬಿಟ್ಟು ‘ಭೂ’ ಹಾಕಿ ಎಂದು ಪಾಣಿನಿ ಸೂತ್ರವನ್ನೇ ಬರೆದಿಟ್ಟಿದ್ದಾನೆ.

ಕನ್ನಡದ ‘ಇರು’, ‘ಆಗು’ಗಳು ದ್ರಾವಿಡ ಮೂಲದವು, ಅವುಗಳ ದಾರಿಯೇ ಬೇರೆ. ‘ಅವರು ಡಾಕ್ಟರ್’ ಎಂದರೆ ನಮ್ಮಲ್ಲಿ ವಾಕ್ಯ ಮುಗಿಯಿತು, ಕ್ರಿಯಾಪದವೇ ಬೇಡ. ಹಾಗಾಗಿ ಮಗಳು ‘ಈಸ್’ ಬಿಟ್ಟು ‘ಹಿ ಡಾಕ್ಟರ್’ ಎಂದು ಬರೆದರೆ ಗದರಬೇಡಿ, ಅದು ಕನ್ನಡದ ಲೆಕ್ಕದಲ್ಲಿ ಸರಿಯಾದ ವಾಕ್ಯ. ಆಮೇಲೆ ‘ಅವರು ಡಾಕ್ಟರ್ ಅಲ್ಲ’, ‘ಅವರು ಮನೆಯಲ್ಲಿ ಇಲ್ಲ’ ಎರಡನ್ನೂ ಇಂಗ್ಲಿಷಿಗೆ ತಿರುಗಿಸಲು ಹೇಳಿ. ನಾವು ‘ಅಲ್ಲ’ ಬೇರೆ, ‘ಇಲ್ಲ’ ಬೇರೆ ಅನ್ನುವಲ್ಲಿ ಇಂಗ್ಲಿಷಿಗೆ ಒಂದೇ ‘ಈಸ್ ನಾಟ್’ ಸಾಕು ಎಂಬುದನ್ನು ಅವಳೇ ಕಂಡುಕೊಳ್ಳುತ್ತಾಳೆ.