ಮಾಯುವ ಗಾಯ, ಮಾಯದ ಹುಣ್ಣು

ಕೃಷ್ಣಾನದಿಯ ದಡದ ಉಗಾರ ಖುರ್ದದ ಸುತ್ತ ಕಬ್ಬಿನ ಹಂಗಾಮಿನಲ್ಲಿ ಕೊಯ್ತಾ ತಗಲಿ ಬೆರಳು ಕೊಯ್ದುಕೊಳ್ಳುವುದು ಅಪರೂಪವಲ್ಲ. ಶುಚಿಯಾಗಿಟ್ಟುಕೊಂಡ ಚಿಕ್ಕ ಗಾಯವು ಕೆಲವು ದಿನಗಳಲ್ಲಿ ಮಾಯುವುದು. ಅದೇ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯು ಹೊಗೆಸೊಪ್ಪಿಗೂ ಬೀಡಿಗೂ ಹೆಸರಾದ ಊರು. ಬೀಡಿ, ಸಿಗರೇಟುಗಳ ಚಟವುಳ್ಳ ಕೆಲವರಿಗೆ ‘ಬರ್ಗರ್ ರೋಗ’ವುಂಟಾಗಿ, ಕೈಕಾಲುಗಳ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಅಂಥವರ ಕಾಲ್ಬೆರಳಿನ ಹುಣ್ಣು ತಿಂಗಳುಗಟ್ಟಲೆ ಮಾಯದು. ಕೊನೆಗೆ ಕಾಲನ್ನೇ ಕತ್ತರಿಸಬೇಕಾಗಬಹುದು. ಈ ವ್ಯತ್ಯಾಸಕ್ಕೆ ಕಾರಣವೇನು?

ಗಾಯವಾದೊಡನೆ ರಕ್ತದ ಪ್ಲೇಟ್‌ಲೆಟ್ ಕಣಗಳು ಒತ್ತಾಗಿ ಸೇರಿ ರಕ್ತಸ್ರಾವವನ್ನು ತಡೆಯುತ್ತವೆ. ಜೊತೆಗೆ ಕೆಲವು ಪ್ರೋಟೀನುಗಳನ್ನೂ ಸ್ರವಿಸುತ್ತವೆ. ಈ ಪ್ರೋಟೀನುಗಳೇ ಸಂದೇಶಗಳು. ಇವುಗಳ ಕರೆಗೆ ಓಗೊಟ್ಟು ಬಿಳಿಯ ರಕ್ತಕಣಗಳು ಗಾಯವನ್ನು ಶುದ್ಧಿಗೊಳಿಸುತ್ತವೆ, ಅಂಚಿನ ಚರ್ಮಕೋಶಗಳು ಇಬ್ಭಾಗವಾಗುತ್ತ ಹೆಚ್ಚುತ್ತವೆ, ಹೊಸ ರಕ್ತನಾಳಗಳು ಚಿಗುರುತ್ತವೆ. ರಕ್ತವೇ ತಲಪದ ಕಡೆ ಆಮ್ಲಜನಕವೂ ಇಲ್ಲ, ಕೆಲಸಗಾರರೂ ಇಲ್ಲ.

ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯು ದಾನಿಗಳ ಅಸ್ಥಿಮಜ್ಜೆಯ ಆಕರಕೋಶಗಳಿಂದ ‘ಸ್ಟೆಂಪ್ಯೂಸೆಲ್’ ಎಂಬ ಔಷಧವನ್ನು ಸಿದ್ಧಪಡಿಸಿತು. ಬರ್ಗರ್ ರೋಗಕ್ಕಾಗಿ ಇದಕ್ಕೆ 2016ರಲ್ಲಿ ಭಾರತದ ಔಷಧ ನಿಯಂತ್ರಕರ ಸೀಮಿತ ಅನುಮತಿ ದೊರೆಯಿತು. ಮೀನಖಂಡದ ಸ್ನಾಯುವಿಗೆ ಚುಚ್ಚಿದ ಈ ಕೋಶಗಳು ತಾವೇ ರಕ್ತನಾಳಗಳಾಗುತ್ತವೆಯೆ? ಬಹುಮಟ್ಟಿಗೆ ಇಲ್ಲ. ಅವು ಸಂದೇಶಗಳನ್ನು ಸ್ರವಿಸಿ, ಅಲ್ಲಿಯ ನಾಳಗಳೇ ಕವಲೊಡೆಯುವಂತೆ ಪ್ರೇರಿಸುತ್ತವೆಂದು ತಿಳಿಯಲಾಗಿದೆ.

ಕೆಲವು ಸಂದೇಶಗಳು ಕಿರುಚೀಲಗಳಲ್ಲಿ ಅಡಕವಾಗಿ ಸಾಗುವುದುಂಟು. ಈ ಬಗೆಯ ಒಂದು ಚೀಲಕ್ಕೆ ‘ಎಕ್ಸೊಸೋಮ್’ ಎಂದು ಹೆಸರು. ಇವು ಎಷ್ಟು ಸೂಕ್ಷ್ಮವೆಂದರೆ, ಸುಮಾರು 10,000 ಚೀಲಗಳನ್ನು ಸಾಲಾಗಿಟ್ಟರೆ ಒಂದು ಮಿಲಿಮೀಟರು! 1983ರಲ್ಲಿ ಮಾಂಟ್ರಿಯಲ್‌ನ ರೋಸ್ ಜಾನ್‌ಸ್ಟೋನ್ ಮತ್ತು ಸೇಂಟ್ ಲೂಯಿಯ ಫಿಲಿಪ್ ಸ್ಟಾಲ್ ಅವರ ತಂಡಗಳು ಬಲಿಯುತ್ತಿರುವ ಕೆಂಪು ರಕ್ತಕಣಗಳಲ್ಲಿ ಇವುಗಳನ್ನು ಕಂಡವು. ಕೋಶವು ಹೊರಚೆಲ್ಲುವ ಕಸವೆಂದೇ ಬಹುಕಾಲ ಭಾವಿಸಲಾಗಿತ್ತು. 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇಲಿಯ ಕೋಶದ ಚೀಲಗಳನ್ನು ಮಾನವಕೋಶಗಳಿಗೆ ಸೇರಿಸಿದಾಗ, ಮಾನವಕೋಶಗಳಲ್ಲಿ ಇಲಿಯ ಪ್ರೋಟೀನುಗಳು ತಯಾರಾದವು! ಚೀಲದೊಳಗಿನ ಆರ್‌ಎನ್‌ಎ ಎಂಬ ಓಲೆಯನ್ನು ಅವು ಓದಿಕೊಂಡಿದ್ದವು.

ಹಾಗಾದರೆ ಕೋಶವನ್ನು ಬಿಟ್ಟು ಓಲೆಯನ್ನಷ್ಟೇ ಕೊಡಬಾರದೇಕೆ? ಚೀಲಗಳು ಕೋಶಗಳಂತೆ ವೃದ್ಧಿಯಾಗುವುದಿಲ್ಲ, ಪ್ರಾಣಿಪ್ರಯೋಗಗಳು ಆಶಾದಾಯಕವಾಗಿವೆ. ಆದರೆ ಆಕರಕೋಶ ಬದಲಾದಂತೆ ಚೀಲದೊಳಗಿನ ಸರಕೂ ಬದಲಾಗುತ್ತದೆ. ಪ್ರಮಾಣ, ಶುದ್ಧತೆಗಳನ್ನು ನಿರ್ಧರಿಸುವುದು ಕಷ್ಟ. ಅನುಮತಿಯಿಲ್ಲದ ಎಕ್ಸೊಸೋಮ್ ಔಷಧಗಳಿಂದ ಕೆಲವು ರೋಗಿಗಳಿಗೆ ಹಾನಿಯಾದುದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಜನರಿಗೆ ಎಚ್ಚರಿಕೆ ನೀಡಿತು. ಜಾಹೀರಾತನ್ನು ನಂಬಿ ಮೋಸಹೋಗಬಾರದು.

ಬರ್ಗರ್ ರೋಗಿಗೆ ಮೊದಲ ಔಷಧ ಇಂದಿಗೂ ಒಂದೇ: ಹೊಗೆಸೊಪ್ಪನ್ನು ಪೂರ್ತಿಯಾಗಿ ತ್ಯಜಿಸುವುದು. ನಾಳಗಳನ್ನು ಮುಚ್ಚುವ ಕೈ ನಿಲ್ಲದಿದ್ದರೆ, ತೆರೆಯೆಂಬ ಸಂದೇಶ ಎಷ್ಟು ಬಂದರೇನು?