ಹಫ್ತಾಕ್ಕೆ ರಸೀದಿ ಇಲ್ಲ

ಸಾಯಂಕಾಲದ ಗಾಡಿಯಿಂದ ಡೊಂಬಿವಲಿಯಲ್ಲಿ ಇಳಿದು ಪೂರ್ವದ ಕಡೆಗೆ ಬರುವ ನಮ್ಮವರಿಗೆಲ್ಲ ಪರಿಚಯದ ನೋಟವಿದು. ಮೆಟ್ಟಿಲಿಳಿದೊಡನೆ ಮೆಂತ್ಯದ ಕಟ್ಟು, ಹಣ್ಣಿನ ಬುಟ್ಟಿ, ಬಳೆ, ಬಟ್ಟೆ. ಅಷ್ಟರಲ್ಲಿ ಪಾಲಿಕೆಯ ಗಾಡಿ ಬಂತೆಂದು ಯಾರೋ ಕೂಗುತ್ತಾರೆ. ಬುಟ್ಟಿಗಳು ಓಣಿ ಸೇರುತ್ತವೆ. ಗಾಡಿ ಮರೆಯಾದೊಡನೆ ಮತ್ತೆ ಅದೇ ಸಂತೆ. ಇದೇನು ಆಟವೆಂದು ಗೊಣಗಿ ನಾವು ಮನೆಯ ದಾರಿ ಹಿಡಿಯುತ್ತೇವೆ. ಆ ಬುಟ್ಟಿಯೇ ಬಂಡವಾಳವಾದವರಿಗೆ ಮಾತ್ರ ಇದು ಆಟವಲ್ಲ. ಆದುದರಿಂದ ಈ ವಿಷಯವನ್ನು ಸ್ವಲ್ಪ ಅಭ್ಯಾಸ ಮಾಡೋಣ.

'ಹಫ್ತಾ' ಪಾರಸಿಯಿಂದ ಬಂದ ಮಾತು. ಏಳು ದಿನ, ಅಂದರೆ ವಾರ, ಎಂದಷ್ಟೇ ಅದರ ಅರ್ಥ. ಮುಂಬಯಿ ಸೀಮೆಯಲ್ಲಿ ಅದು ವಾರವಾರವೂ ತೆರುವ ಲಂಚದ ಹೆಸರಾಯಿತು. ಇಂಥ ಲಂಚ ಹುಟ್ಟುವುದು ಹೇಗೆ? ವ್ಯಾಪಾರಿಯ ಕೈಯಲ್ಲಿ ಕಾಗದವಿಲ್ಲ. ಕಾಗದವಿಲ್ಲದವನನ್ನು ಎಬ್ಬಿಸಬಹುದು, ಕಂಡೂ ಕಾಣದಂತೆ ಬಿಡಲೂಬಹುದು. ಆ ಕಾಣದಿರುವುದಕ್ಕೇ ಬೆಲೆ. ಅದು ಕೊನೆಗೆ ನಾವು ಕೊಳ್ಳುವ ಸೊಪ್ಪಿನ ಮೇಲೂ ಬೀಳುತ್ತದೆ.

ಕಾಯಿದೆ ಏನು ಹೇಳುತ್ತದೆ? ಬೀದಿ ವ್ಯಾಪಾರವೂ ಸಂವಿಧಾನದ 19ನೆಯ ವಿಧಿ ಕೊಟ್ಟ ವೃತ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ, ಆದರೆ ಇಂಥದೇ ಜಾಗ ಬೇಕೆನ್ನುವ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟು 1989ರಲ್ಲಿ ತೀರ್ಪಿತ್ತಿತು. ಮುಂದೆ ಪಾರ್ಲಿಮೆಂಟು ಬೀದಿ ವ್ಯಾಪಾರಿಗಳ ಕಾಯಿದೆಯನ್ನು ಮಾಡಿತು. ಅದು 2014ರ ಮೇ 1ರಂದು ಜಾರಿಗೆ ಬಂತು. ಅದರ ಪ್ರಕಾರ ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಎಣಿಕೆಯಾಗಬೇಕು. ಎಣಿಕೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಕೂಡದು. ಊರಿನ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಆರಿಸಿದವರಿರಬೇಕು. ಸರಕನ್ನು ಜಪ್ತಿ ಮಾಡಿದರೆ ಸಹಿ ಮಾಡಿದ ಪಟ್ಟಿ ಕೊಡಬೇಕು. ಕೆಡುವ ಮಾಲನ್ನು ಕೇಳಿದ ದಿನವೇ, ಕೆಡದ ಮಾಲನ್ನು ಎರಡು ಕೆಲಸದ ದಿನಗಳೊಳಗೆ, ಗೊತ್ತಾದ ಶುಲ್ಕ ಪಡೆದು ಹಿಂತಿರುಗಿಸಬೇಕು.

ನಡೆಯುವವರ ಕಷ್ಟವನ್ನೂ ಮರೆಯಲಾಗದು. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಸೇತುವೆಯ ಮೇಲೆ ನೂಕುನುಗ್ಗಲಾಗಿ 20ಕ್ಕೂ ಹೆಚ್ಚು ಜನ ಸತ್ತರು. ಅದಾದ ಬಳಿಕ ನವೆಂಬರಿನಲ್ಲಿ ಮುಂಬಯಿ ಹೈಕೋರ್ಟು, ರೈಲು ನಿಲ್ದಾಣದಿಂದ 150 ಮೀಟರಿನೊಳಗೆ ಬೀದಿ ವ್ಯಾಪಾರ ಕೂಡದೆಂದಿತು. ದಿನವೂ ಆ ಗರ್ದಿಯಲ್ಲಿ ನಡೆಯುವ ನಾವು ಇದನ್ನು ಅನ್ಯಾಯವೆನ್ನಲಾರೆವು.

ಆದರೆ ಒಂದು ಭೇದವನ್ನು ಮನದಟ್ಟು ಮಾಡಿಕೊಳ್ಳಬೇಕು. ಕಾಯಿದೆಯ ಗೆರೆ ಎಲ್ಲರಿಗೂ ಒಂದೇ. ಹಫ್ತಾ ನಡೆಯುವಲ್ಲಿ ಕೊಟ್ಟವನಿಗೆ ಗೆರೆಯ ಒಳಗೂ ಜಾಗ ಸಿಗುತ್ತದೆ, ಕೊಡಲಾರದ ಮುದುಕಿಗೆ ಗೆರೆಯ ಹೊರಗೂ ಸಿಗುವುದಿಲ್ಲ. ಅಲ್ಲಿ ದಾರಿಯೂ ತೆರವಾಗುವುದಿಲ್ಲ, ಬಡವರೂ ಬದುಕುವುದಿಲ್ಲ. ಎರಡನ್ನೂ ಗುರುತಿಸುವ ಉಪಾಯ ಸುಲಭ: ನ್ಯಾಯದ ಶುಲ್ಕಕ್ಕೆ ರಸೀದಿ ಉಂಟು, ಹಫ್ತಾಕ್ಕೆ ಇಲ್ಲ.

ಇನ್ನು ಮಾಡಬೇಕಾದುದೇನು? ವ್ಯಾಪಾರದಲ್ಲಿರುವ ನಮ್ಮ ಬಂಧುಗಳು ಎಣಿಕೆಯಲ್ಲಿ ಹೆಸರು ಬರೆಸಬೇಕು. ಕೊಟ್ಟ ಪ್ರತಿ ಕಾಸಿಗೂ ರಸೀದಿ, ಹೋದ ಪ್ರತಿ ಬುಟ್ಟಿಗೂ ಪಟ್ಟಿ ಕೇಳಬೇಕು. 2018ರ ತಿದ್ದುಪಡಿಯಿಂದ ಲಂಚ ಕೊಡುವುದೂ ಅಪರಾಧ. ಆದರೆ ಒತ್ತಾಯಕ್ಕೆ ಸಿಕ್ಕಿ ಕೊಟ್ಟವರು ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರು ಅಪರಾಧಿಗಳಲ್ಲ. ಹಫ್ತಾದ ಏಳು ದಿನವೇ ದೂರಿನ ಗಡುವೂ ಆಯಿತು. ಮಹಾರಾಷ್ಟ್ರದ ಲಂಚ ಪ್ರತಿಬಂಧಕ ಖಾತೆಯ ಫೋನು 1064.

ದೂರು ಕೊಡುವ ಧೈರ್ಯ ಒಬ್ಬಂಟಿಗೆ ಬರುವುದು ಕಷ್ಟ. ಮರಾಠಿಯಲ್ಲಿ ಅರ್ಜಿ ಬರೆಯಲು ಬಾರದಿದ್ದರೆ ಇನ್ನೂ ಕಷ್ಟ. ನಮ್ಮಲ್ಲಿ ಕಚೇರಿಯ ಕೆಲಸ ಬಲ್ಲವರು ಬಹಳ ಮಂದಿಯಿದ್ದೇವೆ. ದಿನವೂ ಯಾರ ಬುಟ್ಟಿಯಿಂದ ಕೊತ್ತಂಬರಿ ಕೊಳ್ಳುತ್ತೇವೆಯೋ ಅವರಿಗೆ ಒಂದು ಅರ್ಜಿ ಬರೆದುಕೊಡಲು ಅರ್ಧ ಗಂಟೆ ಸಾಕು.